ಟ್ಯಾಪೆಟ್ ಸದ್ದು ತಾನಾಗಿಯೇ ನಿಂತರೆ: ಚಿಕ್ಕ ಡ್ಯುಯಲ್ ಪರ್ಪಸ್ ಬೈಕಿನ ಬಾಳಿಕೆ ಮತ್ತು ಆರೈಕೆ

ಪ್ರಶ್ನೆ: ನನ್ನ ಹತ್ತಿರ 225 ಸಿಸಿಯ ಏರ್ ಕೂಲ್ಡ್ ಡ್ಯುಯಲ್ ಪರ್ಪಸ್ ಬೈಕ್ ಇದೆ. ಕಾರ್ಬ್ಯುರೇಟರ್ ಇರುವ ಹಳೆಯ ಮಾಡೆಲ್, ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಮೀಟರ್ 22,000 ಕಿ.ಮೀ. ತೋರಿಸುತ್ತಿದೆ. ವಾರವೆಲ್ಲ ಟಾರು ರಸ್ತೆ, ರಜೆ ಬಂದರೆ ಮಣ್ಣಿನ ದಾರಿ, ನಡುವೆ ಹಳ್ಳ ದಾಟುವುದೂ ಉಂಟು. ಕೊಂಡಾಗ ಇಂಜಿನ್ ತಲೆಯಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತಿತ್ತು. ಈಚೆಗೆ ಅದು ತಾನಾಗಿಯೇ ನಿಂತುಹೋಗಿ ಇಂಜಿನ್ ಮೃದುವಾಗಿದೆ. ಆದರೆ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡಲ್ ಸರಿಯಾಗಿ ನಿಲ್ಲುವುದಿಲ್ಲ. ಎರಡು ತಿಂಗಳ ನಂತರ 4,000 ಕಿ.ಮೀ. ಪ್ರವಾಸ ಹೊರಡುವವನಿದ್ದೇನೆ. ಇಷ್ಟು ಚಿಕ್ಕ ಇಂಜಿನ್ ಅದನ್ನು ತಡೆದೀತೇ? ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಉತ್ತರ: ನಿಮ್ಮ ಪತ್ರ ಓದುತ್ತಾ ‘ಸದ್ದು ತಾನಾಗಿಯೇ ನಿಂತುಹೋಗಿ’ ಎಂಬ ಮಾತಿಗೆ ಬಂದಾಗ ನನಗೆ ಆತಂಕವಾಯಿತು. ನೀವು ಕೇಳಿದ ಟಿಕ್ ಟಿಕ್ಕೇ ಟ್ಯಾಪೆಟ್ ಸದ್ದು. ಅದು ಯಾರೂ ಮುಟ್ಟದೆ ಕಡಿಮೆಯಾದರೆ ಸುಧಾರಣೆ ಎಂದುಕೊಳ್ಳಬೇಡಿ. ವಾಲ್ವ್ ಮತ್ತು ಅದನ್ನು ಒತ್ತಿ ತೆರೆಯುವ ರಾಕರ್ ನಡುವಿನ ಸಂದು ಮುಚ್ಚಿಕೊಳ್ಳುತ್ತಿರಬಹುದು. ಅದರ ಜೊತೆಗೆ ಸ್ಟಾರ್ಟಿಂಗ್ ತೊಂದರೆಯೂ ಐಡಲ್ ನಿಲ್ಲದ ತೊಂದರೆಯೂ ಸೇರಿದಾಗ ನನ್ನ ಅನುಮಾನ ಗಟ್ಟಿಯಾಗುತ್ತದೆ.

ಒಳಗೆ ಆಗುವುದು ಇಷ್ಟು. ವಾಲ್ವ್ ಪ್ರತಿ ಸಲ ಮುಚ್ಚುವಾಗ ತನ್ನ ಸೀಟಿಗೆ, ಅಂದರೆ ತಾನು ಕೂರುವ ಲೋಹದ ಉಂಗುರಕ್ಕೆ, ಬಡಿಯುತ್ತದೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಸೀಟು ಕೂದಲೆಳೆಯಷ್ಟು ಸವೆದು, ವಾಲ್ವ್ ಇಂಜಿನ್ನಿನ ಹೆಡ್ಡಿನೊಳಕ್ಕೆ ಸ್ವಲ್ಪ ಕೂರುತ್ತದೆ. ಆಗ ಅದರ ಕಡ್ಡಿಯ ತುದಿ ಅಷ್ಟೇ ಮೇಲಕ್ಕೆ ಬಂದು ರಾಕರ್‌ಗೆ ಹತ್ತಿರವಾಗುತ್ತದೆ. ಸಂದು ಕಡಿಮೆಯಾದ ಹಾಗೆ ಸದ್ದೂ ಕಡಿಮೆಯಾಗುತ್ತದೆ. ಸಂದು ಪೂರ್ತಿ ಹೋದ ದಿನ ವಾಲ್ವ್ ಬಿಗಿಯಾಗಿ ಮುಚ್ಚುವುದಿಲ್ಲ, ಕಂಪ್ರೆಶನ್ ಸೋರುತ್ತದೆ, ಸೆಲ್ಫ್ ಹೊಡೆದರೂ ಇಂಜಿನ್ ಸಲೀಸಾಗಿ ಹತ್ತುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಸುಟ್ಟ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವಿನದು. ಅದು ತನ್ನ ಬಿಸಿಯ ಬಹುಪಾಲನ್ನು ಸೀಟಿಗೆ ಒತ್ತಿ ಕೂತಿರುವ ಹೊತ್ತಿನಲ್ಲೇ ಹೆಡ್ಡಿಗೆ ದಾಟಿಸಬೇಕು. ಕೂರಲು ಜಾಗ ಸಿಗದಿದ್ದರೆ ಬಿಸಿ ಹೊರಹೋಗುವ ದಾರಿ ಇಲ್ಲ, ಅಂಚು ಸುಟ್ಟುಹೋಗುತ್ತದೆ. ಹಾಗಾದರೆ ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ. ಸ್ವಲ್ಪ ಟಿಕ್ ಎನ್ನುವ ಟ್ಯಾಪೆಟ್ ಕಿವಿಗೆ ಕಿರಿಕಿರಿ ಮಾಡಬಹುದು, ಆದರೆ ಇಂಜಿನ್ನಿಗೆ ಅದರಿಂದ ಬೇಗನೆ ಹಾನಿಯಿಲ್ಲ. ಬಿಗಿಯಾದ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ಸುಡುತ್ತದೆ.

ಆದ್ದರಿಂದ ಬೇರೆ ಏನನ್ನೂ ಮುಟ್ಟುವ ಮೊದಲು ಟ್ಯಾಪೆಟ್ ಅಳತೆ ತೆಗೆಯಿರಿ. ನಿಮ್ಮದರಂಥ ಹಳೆಯ ಏರ್ ಕೂಲ್ಡ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸ್ಕ್ರೂ ಮತ್ತು ಲಾಕ್ ನಟ್ ಇರುವುದರಿಂದ ಇದನ್ನು ಮನೆಯಲ್ಲೇ ಮಾಡಬಹುದು. ಇಂಜಿನ್ ರಾತ್ರಿಯಿಡೀ ತಣಿದಿರಬೇಕು. ಬೆಚ್ಚಗಿದ್ದಾಗ ತೆಗೆದ ಅಳತೆಗೆ ಅರ್ಥವಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟರೆ ಇಂಜಿನ್ ತಿರುಗಿಸಲು ಹಗುರ. ಮ್ಯಾಗ್ನೆಟ್ ಕವರಿನ ಎರಡು ಬಿರಡೆ ತೆಗೆದು, ಸ್ಪ್ಯಾನರ್‌ನಿಂದ ಕ್ರ್ಯಾಂಕ್ ತಿರುಗಿಸುತ್ತಾ ಪಿಸ್ಟನ್ ತುತ್ತತುದಿಗೆ ಬಂದದ್ದನ್ನು ತೋರಿಸುವ ‘ಟಿ’ ಗುರುತನ್ನು ಕಿಂಡಿಗೆ ತನ್ನಿ. ಆಗ ಎರಡೂ ರಾಕರ್‌ಗಳು ಬೆರಳಿಗೆ ಸ್ವಲ್ಪ ಅಲುಗಬೇಕು. ಒಂದಾದರೂ ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಏಕೆಂದರೆ ಪಿಸ್ಟನ್ ಎರಡು ಸಲ ಮೇಲೆ ಬಂದರೂ ಕಂಪ್ರೆಶನ್ ಇರುವುದು ಒಂದರಲ್ಲಿ ಮಾತ್ರ. ಎರಡೂ ಸಲ ಬಿಗಿಯಾಗಿಯೇ ಉಳಿದ ರಾಕರ್‌ನಲ್ಲಿ ಸಂದು ಸೊನ್ನೆಯಾಗಿದೆ ಎಂದು ತಿಳಿಯಿರಿ. ಈ ವರ್ಗದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇನ್‌ಟೇಕ್ ಸಂದು 0.05ರಿಂದ 0.10 ಮಿ.ಮೀ., ಎಕ್ಸಾಸ್ಟ್ ಸಂದು 0.10ರಿಂದ 0.15 ಮಿ.ಮೀ. ಇರುತ್ತದೆ. ಆದರೆ ನಿಮ್ಮ ಬೈಕಿನ ಮ್ಯಾನ್ಯುಯಲ್ ಹೇಳುವುದೇ ಅಂತಿಮ. ಸಂದು ಅಳೆಯುವ ಫೀಲರ್ ಗೇಜಿನ ತೆಳು ಲೋಹದ ಎಲೆಯನ್ನು ಎಳೆದರೆ ಅದು ಬೆಣ್ಣೆಯಲ್ಲಿ ಚಾಕು ಹೋದಂತೆ ಮೆತ್ತಗೆ ಸರಿಯಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಒಂದಿಷ್ಟು ತಿರುಗಿಯೇ ತಿರುಗುತ್ತದೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯದಿದ್ದರೆ ಮಾಡಿದ ಕೆಲಸ ವ್ಯರ್ಥ. ಹೊಂದಿಸುವ ಮೊದಲು ಎಷ್ಟಿತ್ತು ಎಂಬುದನ್ನು ತಾರೀಖು, ಕಿಲೋಮೀಟರ್ ಸಮೇತ ಬರೆದಿಡಿ. ಆ ಅಂಕಿ ಮುಂದೆ ಬೇಕಾಗುತ್ತದೆ.

ಸಂದು ಸರಿಯಾಗಿಯೇ ಇದ್ದು ತೊಂದರೆ ಹಾಗೇ ಉಳಿದರೆ ಕಾರ್ಬ್ಯುರೇಟರ್ ಬಿಚ್ಚಿ. ಅದರೊಳಗೆ ಐಡಲ್‌ಗೆ ಪೆಟ್ರೋಲ್ ಒದಗಿಸುವ ಪೈಲಟ್ ಜೆಟ್ಟಿನ ತೂತು ಬಹಳ ಸಣ್ಣದು. ಬೈಕ್ ಕೆಲವು ವಾರ ನಿಂತರೆ ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ಅದನ್ನು ಮುಚ್ಚುತ್ತದೆ, ಆಗಲೂ ಇವೇ ಲಕ್ಷಣಗಳು ಕಾಣುತ್ತವೆ. ತಂತಿ ತುರುಕಬೇಡಿ, ತೂತು ದೊಡ್ಡದಾದರೆ ಜೆಟ್ ಬದಲಿಸಲೇಬೇಕಾಗುತ್ತದೆ. ಕ್ಲೀನರ್ ಹಾಕಿ ಗಾಳಿ ಹೊಡೆದರೆ ಸಾಕು.

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ: ಚಿಕ್ಕ ಇಂಜಿನ್ ತಡೆದೀತೇ? ಖಂಡಿತ ತಡೆಯುತ್ತದೆ. ಈ ಬಗೆಯ ಬೈಕುಗಳಿಗೆ ದೊಡ್ಡ ಚರಿತ್ರೆಯಿದೆ. ಯಮಹಾ ಡಿಟಿ-1 ಬಂದದ್ದು 1968ರಲ್ಲಿ, ಹೋಂಡಾ ಎಕ್ಸ್‌ಎಲ್250 ಬಂದದ್ದು 1972ರಲ್ಲಿ. 1985ರಲ್ಲಿ ಬಂದ ಯಮಹಾ ಸೆರೋ, ಮುಂದೆ 250 ಸಿಸಿಗೆ ಬೆಳೆದು, ಜಪಾನಿನಲ್ಲಿ 2020ರವರೆಗೂ ಮಾರಾಟವಾಯಿತು. 1987ರಲ್ಲಿ ಬಂದ ಟಿಡಬ್ಲ್ಯೂ200ರ ಮೂಲ ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗಲಿಲ್ಲ. ಒಂದೇ ಸಿಲಿಂಡರ್, ಕಡಿಮೆ ಒತ್ತಡ, ಕಡಿಮೆ ತೂಕ, ರೇಡಿಯೇಟರ್ ಇಲ್ಲ. ಕೆಡುವ ಭಾಗಗಳೇ ಕಡಿಮೆ.

ಆದರೂ ಇವು ಕೆಟ್ಟು ನಿಲ್ಲುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ದೂರ ಓಡಿ ಸತ್ತ ಚಿಕ್ಕ ಇಂಜಿನ್ ನನ್ನ ಕೈಗೆ ಬಂದದ್ದು ಅಪರೂಪ. ಬಂದವೆಲ್ಲ ಧೂಳು ನುಂಗಿದವು, ಇಲ್ಲವೇ ಆಯಿಲ್ ಇಲ್ಲದೆ ಒಣಗಿದವು. ಈ ವಿಷಯದಲ್ಲಿ ನನಗೆ ಸದಾ ನೆನಪಾಗುವುದು ರೈಡರ್ಸ್ ಫಾರ್ ಹೆಲ್ತ್ ಸಂಸ್ಥೆ. 1980ರ ದಶಕದ ಕೊನೆಗೆ ರೇಸರ್ ರ್‍ಯಾಂಡಿ ಮಮೋಲಾ ಮತ್ತು ಪತ್ರಕರ್ತ ಬ್ಯಾರಿ ಕೋಲ್‌ಮನ್ ಆಫ್ರಿಕಾಕ್ಕೆ ಹೋದಾಗ ಆರೋಗ್ಯ ಕಾರ್ಯಕರ್ತರಿಗೆಂದು ಕೊಟ್ಟ ಬೈಕುಗಳು ಸಣ್ಣಪುಟ್ಟ ರಿಪೇರಿಯಿಲ್ಲದೆ ಮೂಲೆಗೆ ಬಿದ್ದಿದ್ದನ್ನು ಕಂಡರು. ಮುಂದೆ ಆ್ಯಂಡ್ರಿಯಾ ಕೋಲ್‌ಮನ್ ಅವರೂ ಸೇರಿ ಕಟ್ಟಿದ ಈ ಸಂಸ್ಥೆ ಸವಾರರಿಗೆ ಮೊದಲು ಕಲಿಸಿದ್ದು ದಿನಾ ಬೆಳಗ್ಗೆ ಮಾಡುವ ತಪಾಸಣೆಯನ್ನು: ಪೆಟ್ರೋಲ್, ಲೂಬ್ರಿಕೇಶನ್, ಅಡ್ಜಸ್ಟ್‌ಮೆಂಟ್, ನಟ್ ಬೋಲ್ಟ್, ಕೊನೆಗೆ ಬ್ರೇಕ್. ಅವೇ ಚಿಕ್ಕ ಬೈಕುಗಳು, ಅವೇ ಕೆಟ್ಟ ದಾರಿಗಳು. ಈ ಕೆಲವು ನಿಮಿಷಗಳಿಂದ ಅವು ಓಡತೊಡಗಿದವು. ಪ್ರವಾಸದಲ್ಲಿ ನೀವೂ ಇದನ್ನು ತಪ್ಪದೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಧೂಳಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಣ್ಣಿನ ದಾರಿಯ ಧೂಳಿನಲ್ಲಿ ಮರಳಿನ ಅಂಶವಿದೆ, ಅದು ಉಕ್ಕಿಗಿಂತ ಗಟ್ಟಿ. ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಆಯಿಲ್ ಜೊತೆ ಬೆರೆತು ಸಾಣೆ ಹಿಡಿದಂತೆ ಪಿಸ್ಟನ್ ರಿಂಗ್, ಸಿಲಿಂಡರಿನ ಒಳಗೋಡೆ (ಬೋರ್) ಎರಡನ್ನೂ ತೇಯುತ್ತದೆ. ಒಮ್ಮೆ ಸವಾರರೊಬ್ಬರು ತಂದ ಬೈಕಿನಲ್ಲಿ ಫಿಲ್ಟರ್ ಹೊಸದಾಗಿತ್ತು, ಆಯಿಲ್ ಹೊಸದಾಗಿತ್ತು, ಆದರೂ ನೀಲಿ ಹೊಗೆ. ಫಿಲ್ಟರನ್ನು ಅದರ ಗೂಡಿನಲ್ಲಿ ವಾರೆಯಾಗಿ ಕೂರಿಸಿದ್ದರಿಂದ ಒಂದು ಅಂಚಿನಲ್ಲಿ ಬೆರಳಗಲದ ಸಂದಿತ್ತು. ಒಂದೇ ಬೇಸಿಗೆಯಲ್ಲಿ ಬೋರ್ ಹಾಳಾಗಿತ್ತು. ಆ ಸವಾರ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿದವರು. ಆ ಸಂದೊಂದು ಕಣ್ತಪ್ಪಿತ್ತು. ಆ ಬೈಕನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ನಿಮ್ಮ ಬೈಕಿನಲ್ಲಿ ಫೋಮ್ ಫಿಲ್ಟರ್ ಇದ್ದರೆ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಸುಕಿ, ಆಮೇಲೆ ಸೋಪು ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಬಟ್ಟೆ ಹಿಂಡಿದಂತೆ ತಿರುಚಿದರೆ ಅಂಟಿಸಿದ ಸಂದು ಹರಿಯುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಬಿಡುತ್ತದೆ, ಬೆಂಕಿಯ ಭಯ ಬೇರೆ. ಒಣಗಿದ ಮೇಲೆ ಫೋಮ್ ಫಿಲ್ಟರ್ ಆಯಿಲ್ ಹಾಕಿ ಎಲ್ಲೆಡೆ ಒಂದೇ ಬಣ್ಣ ಬರುವವರೆಗೆ ಹಿಸುಕಿ. ಧೂಳನ್ನು ಹಿಡಿಯುವುದು ಆ ಎಣ್ಣೆ. ಒಣ ಫೋಮ್ ಬರೀ ಜರಡಿ. ಪೇಪರ್ ಫಿಲ್ಟರ್ ಆಗಿದ್ದರೆ ಎಣ್ಣೆ ಮುಟ್ಟಿಸಬೇಡಿ, ಹೊತ್ತಿಗೆ ಸರಿಯಾಗಿ ಬದಲಿಸಿ. ಗೂಡಿಗೆ ಒತ್ತುವ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ. ಕೊನೆಗೆ, ಫಿಲ್ಟರ್ ದಾಟಿದ ನಂತರದ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ ನೋಡಿ. ಬಟ್ಟೆ ಕಂದು ಬಣ್ಣಕ್ಕೆ ತಿರುಗಿದರೆ ಧೂಳು ಒಳಗೆ ಹೋಗುತ್ತಿದೆ, ಅದು ಎಲ್ಲಿಂದ ಎಂದು ಹುಡುಕದೆ ಬೈಕ್ ಓಡಿಸಬೇಡಿ. ಧೂಳಿನ ಗುಂಪಿನಲ್ಲಿ ಬೇರೆ ಗಾಡಿಗಳ ಹಿಂದೆ ಒಂದು ದಿನ ಓಡಿಸಿದರೆ ಸಾಕು, ಆ ರಾತ್ರಿಯೇ ಫಿಲ್ಟರ್ ತೆಗೆದು ನೋಡಿ.

ಆಯಿಲ್ ವಿಷಯ. ಇಂಥ ಇಂಜಿನ್‌ನಲ್ಲಿ ಹಿಡಿಯುವುದು ಸುಮಾರು ಒಂದು ಲೀಟರ್. ಆ ಒಂದು ಲೀಟರ್ ಪಿಸ್ಟನ್, ಗೇರ್, ಕ್ಲಚ್ ಮೂರನ್ನೂ ಕಾಯಬೇಕು, ಇಂಜಿನ್ ತಣಿಸುವುದರಲ್ಲೂ ಪಾಲು ಹೊರಬೇಕು. ಗೇರ್ ಹಲ್ಲುಗಳ ನಡುವೆ ಸಿಕ್ಕಿ ಆಯಿಲ್ ಬೇಗ ತೆಳುವಾಗುತ್ತದೆ. ಕ್ಲಚ್ ಪ್ಲೇಟುಗಳೂ ಅದರಲ್ಲೇ ಮುಳುಗಿರುವುದರಿಂದ ಕಾರಿನ ಇಂಧನ ಉಳಿತಾಯದ ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್ ಆಗಬಹುದು. ಡಬ್ಬಿಯ ಮೇಲೆ ಜಾಸೋ (JASO) ಎಂಎ ಅಥವಾ ಎಂಎ2 ಎಂದಿರುವುದನ್ನೇ ಕೊಳ್ಳಿ, ಅದು ಇಂಥ ಕ್ಲಚ್‌ಗೆ ಒಗ್ಗುವ ಬೈಕ್ ಆಯಿಲ್‌ನ ಗುರುತು. ಕಂಪನಿ ಹೆಸರಿಗಿಂತ ಈ ಗುರುತು, ಮ್ಯಾನ್ಯುಯಲ್ ಹೇಳಿದ ದಪ್ಪ (ಗ್ರೇಡ್), ಬದಲಿಸುವ ಹೊತ್ತು ಮುಖ್ಯ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? ಇಲ್ಲಿ ಮೀಟರ್ ನಮ್ಮ ದಾರಿ ತಪ್ಪಿಸುತ್ತದೆ. ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ 5,000 ಕಿ.ಮೀ. ಓಡಿದರೆ ಇಂಜಿನ್ ದುಡಿದದ್ದು ಸುಮಾರು 83 ಗಂಟೆ. ಕಲ್ಲು ಮಣ್ಣಿನ ದಾರಿಯಲ್ಲಿ 20 ಕಿ.ಮೀ. ಸರಾಸರಿಯಲ್ಲಿ ಅಷ್ಟೇ ದೂರಕ್ಕೆ 250 ಗಂಟೆ, ಅದೂ ಮೊದಲ ಎರಡನೇ ಗೇರಿನ ಬಿಸಿಯಲ್ಲಿ. ಆದ್ದರಿಂದ ಮಣ್ಣಿನ ದಾರಿ ಹೆಚ್ಚಿದ್ದವರು ಮ್ಯಾನ್ಯುಯಲ್ ಹೇಳಿದ ಅಂತರವನ್ನು ಅರ್ಧಕ್ಕೆ ಇಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಪ್ರವಾಸಕ್ಕೆ ಹೊಸ ಆಯಿಲ್‌ನೊಂದಿಗೆ ಹೊರಡಿ, ನಡುವೆ ಒಮ್ಮೆ ಬದಲಿಸಿ. ಬದಲಿಸುವುದಕ್ಕಿಂತಲೂ ಮಟ್ಟ ನೋಡುವುದು ಮುಖ್ಯ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಥ್ರಾಟಲ್ ಪೂರ್ತಿ ತಿರುವಿ ಓಡಿಸಿದರೆ ಏರ್ ಕೂಲ್ಡ್ ಇಂಜಿನ್ ಆಯಿಲ್ ಕುಡಿಯುತ್ತದೆ. ಒಂದು ಲೀಟರಿನಲ್ಲಿ 300 ಮಿ.ಲೀ. ಹೋದರೆ ಮೂರನೇ ಒಂದು ಭಾಗವೇ ಹೋದಂತೆ. ಬೈಕನ್ನು ನೆಟ್ಟಗೆ ನಿಲ್ಲಿಸಿ ನೋಡಿ, ಸೈಡ್ ಸ್ಟ್ಯಾಂಡ್ ಮೇಲೆ ಸಿಗುವ ಅಳತೆ ಸುಳ್ಳು. ವೇಗವನ್ನು ಬೈಕಿನ ಗರಿಷ್ಠದ ಮುಕ್ಕಾಲು ಭಾಗದಲ್ಲಿ ಹಿಡಿದರೆ ದಿನವಿಡೀ ಓಡಿಸಬಹುದು.

ಚೈನಿನಲ್ಲಿ ಹೆಚ್ಚಿನವರು ಮಾಡುವ ತಪ್ಪು ಅದನ್ನು ಅತಿ ಬಿಗಿ ಮಾಡುವುದು. ಡ್ಯುಯಲ್ ಪರ್ಪಸ್ ಬೈಕಿನ ಹಿಂದಿನ ಸಸ್ಪೆನ್ಶನ್ ಬಹಳ ದೂರ ಆಡುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಹಿಂದಿನ ಆ್ಯಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ನಿಂತ ಬೈಕಿನಲ್ಲಿ ಅಂದವಾಗಿ ಕಾಣುವಂತೆ ಎಳೆದು ಕಟ್ಟಿದ ಚೈನ್ ಗುಂಡಿಗೆ ಬಿದ್ದ ಹೊತ್ತಿನಲ್ಲಿ ಗೇರ್ ಬಾಕ್ಸಿನ ಔಟ್‌ಪುಟ್ ಬೇರಿಂಗ್ ಮೇಲೆ ಜಗ್ಗುತ್ತದೆ. ಆ ಬೇರಿಂಗ್ ಬದಲಿಸಲು ಇಂಜಿನ್ ಇಬ್ಭಾಗ ಮಾಡಬೇಕು. ಹಿಂದೆ ಇಬ್ಬರನ್ನು ಕೂರಿಸಿ ಆ ಮೂರೂ ಒಂದು ಗೆರೆಗೆ ಬರುವಂತೆ ಮಾಡಿ. ಆಗಲೂ ಚೈನ್ ಬೆರಳಿಗೆ ಸ್ವಲ್ಪ ಅಲುಗಬೇಕು. ಕೊಂಡಿಗಳ ನಡುವೆ ರಬ್ಬರ್ ರಿಂಗ್ ಇರುವ ಓ-ರಿಂಗ್ ಚೈನನ್ನು ಸೀಮೆಎಣ್ಣೆ, ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ತಂತಿ ಬ್ರಷ್, ಪೆಟ್ರೋಲ್ ಎರಡೂ ರಿಂಗುಗಳನ್ನು ಕೆಡಿಸುತ್ತವೆ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸಮೇತ ಮೂರನ್ನೂ ಒಟ್ಟಿಗೆ ಬದಲಿಸಿ.

ಹಳ್ಳ ದಾಟುವ ಮಾತು ಬರೆದಿದ್ದೀರಿ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆಳೆಯುತ್ತದೆ. ಚಕ್ರದ ಬೇರಿಂಗ್ ತುಕ್ಕು ಹಿಡಿಯುವುದು ಹೀಗೆ. ಸಾಧ್ಯವಾದರೆ ನೀರಿಗಿಳಿಯುವ ಮೊದಲು ಐದು ನಿಮಿಷ ನಿಂತು ತಣಿಯಲು ಬಿಡಿ. ತೊಳೆಯುವಾಗ ಹಬ್, ಸ್ಟಿಯರಿಂಗ್, ಸ್ವಿಂಗ್ ಆರ್ಮ್ ಕೀಲುಗಳಿಗೆ ಪ್ರೆಶರ್ ವಾಷರ್ ಹಿಡಿಯಲೇಬೇಡಿ. ಹಿಂದಿನ ಚಕ್ರ ನೆಲದಿಂದೆತ್ತಿ, ಮೇಲೆ ಕೆಳಗೆ ಅಲುಗಿಸಿದಾಗ ‘ಟಕ್’ ಎಂದರೆ ಹಿಂದಿನ ಸಸ್ಪೆನ್ಶನ್ ಕೀಲುಗಳ, ಅಂದರೆ ಲಿಂಕೇಜಿನ, ಬೇರಿಂಗ್ ಸವೆದಿರಬಹುದು. ಹಲವು ಬೈಕುಗಳು ಕಾರ್ಖಾನೆಯಿಂದಲೇ ಅಲ್ಲಿ ಅಲ್ಪ ಗ್ರೀಸ್‌ನೊಂದಿಗೆ ಬರುತ್ತವೆ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಒಮ್ಮೆ ಲಿಂಕೇಜ್, ಸ್ವಿಂಗ್ ಆರ್ಮ್ ಬೋಲ್ಟ್ ಎರಡನ್ನೂ ಹೊರತೆಗೆದು ಗ್ರೀಸ್ ಹಾಕಿ. ವರ್ಷಗಟ್ಟಲೆ ಮುಟ್ಟದಿದ್ದರೆ ಆ ಬೋಲ್ಟ್ ತುಕ್ಕು ಹಿಡಿದು ಒಳಗೇ ಅಂಟಿಕೊಳ್ಳುತ್ತದೆ, ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಒಂದು ವೇಳೆ ಬೈಕ್ ನೀರಿಗೆ ಬಿದ್ದು ಇಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ನೀರನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ; ಸಿಲಿಂಡರಿನಲ್ಲಿ ನೀರಿದ್ದಾಗ ಕ್ರ್ಯಾಂಕ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ದಡಕ್ಕೆ ತಂದು, ಪ್ಲಗ್ ಬಿಚ್ಚಿ, ಫಿಲ್ಟರ್ ಗೂಡಿನ ನೀರು ಬಸಿದು, ಕಾರ್ಬ್ಯುರೇಟರ್ ಬೌಲ್ ಖಾಲಿ ಮಾಡಿ. ಆಮೇಲೆ ಪ್ಲಗ್ ಇಲ್ಲದೆಯೇ ಇಂಜಿನ್ ತಿರುಗಿಸಿ ನೀರು ಹೊರಹಾಕಿ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಬದಲಿಸದೆ ಓಡಿಸಬೇಡಿ, ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಬದಲಿಸಿ.

ಚಕ್ರದ ಕಡ್ಡಿಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂದವಾಗಿ ದಪ್ ಎನ್ನುತ್ತದೆ. ಒಂದೆರಡಿದ್ದರೆ ಕಾಲು ಸುತ್ತು ಬಿಗಿ ಮಾಡಿ; ಸಾಲಾಗಿ ಹಲವು ಸಡಿಲವಿದ್ದರೆ ಚಕ್ರ ಕಟ್ಟುವವರ ಹತ್ತಿರ ಕೊಂಡೊಯ್ಯಿರಿ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಿಂದಿನ ಮಾಲೀಕರು ಬದಲಿಸಿದ್ದಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ಈಗಲೇ.

ವೈರಿಂಗ್‌ನಲ್ಲಿ ನೋಡಬೇಕಾದ ಜಾಗ ಎರಡು. ಹ್ಯಾಂಡಲ್ ತಿರುಗುವಾಗ ಸ್ಟಿಯರಿಂಗ್ ಹತ್ತಿರ ವೈರುಗಳ ಕಟ್ಟು ಉಜ್ಜಿ ಒಳಗೇ ತುಂಡಾಗುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುವಿದಾಗ ಇಂಜಿನ್ ಮಿಸ್ ಹೊಡೆದರೆ ಅಲ್ಲಿ ಹುಡುಕಿ. ಇನ್ನೊಂದು, ಸೈಡ್ ಸ್ಟ್ಯಾಂಡ್ ಸ್ವಿಚ್. ಗೇರ್ ಹಾಕಿದ ಕೂಡಲೇ ಇಂಜಿನ್ ಆಫ್ ಆದರೆ ಬಹುಪಾಲು ಅದರಲ್ಲಿ ಕೆಸರು ತುಂಬಿರುತ್ತದೆ, ತೊಳೆದರೆ ಸರಿಹೋಗುತ್ತದೆ.

ಜೊತೆಗೆ ಒಯ್ಯಬೇಕಾದದ್ದು: ಕ್ಲಚ್ ಲಿವರ್, ಬ್ರೇಕ್ ಲಿವರ್, ಒಂದು ಪ್ಲಗ್, ಫ್ಯೂಸ್, ಚೈನ್ ಲಾಕ್, ಪಂಕ್ಚರ್ ಸಾಮಾನು, ಪಂಪು, ಅರ್ಧ ಲೀಟರ್ ಆಯಿಲ್. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಡಿ. ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಟ್ಯೂಬ್ ಒಂದೇ ಒಯ್ಯುವುದಾದರೆ ಮುಂದಿನ 21 ಇಂಚಿನದನ್ನು ಒಯ್ಯಿರಿ, ತುರ್ತಿಗೆ ಅದು ಹಿಂದಿನ 18 ಇಂಚಿನ ಚಕ್ರದಲ್ಲೂ ಕೂರುತ್ತದೆ. ಹ್ಯಾಂಡಲ್ ಮೇಲಿನ ಲಿವರ್ ಹಿಡಿಕೆಗಳನ್ನು ಅತಿ ಬಿಗಿ ಮಾಡಬೇಡಿ. ಬೈಕ್ ಬಿದ್ದಾಗ ಅವು ತಿರುಗಿಕೊಂಡರೆ ಲಿವರ್ ಮುರಿಯುವುದಿಲ್ಲ.

ಟ್ಯಾಪೆಟ್ ಹೊಂದಿಸಿದ ಮೇಲೆ ಏನು ಮಾಡಬೇಕೆಂದು ಹೇಳುವುದು ಉಳಿದಿದೆ. ನಿಮಗೆ ಎರಡು ತಿಂಗಳಿದೆ. ಈ ವಾರ ಅಳತೆ ಸರಿ ಮಾಡಿ, 500 ಕಿ.ಮೀ. ಓಡಿಸಿ, ಮತ್ತೆ ತಣಿದ ಇಂಜಿನ್‌ನಲ್ಲಿ ಅಳೆದು ಬರೆದಿಟ್ಟ ಅಂಕಿಗಳ ಜೊತೆ ಹೋಲಿಸಿ. ಸಂದು ಹಾಗೇ ಇದ್ದು ಬೆಳಗ್ಗೆ ಸುಲಭವಾಗಿ ಸ್ಟಾರ್ಟ್ ಆದರೆ ಧೈರ್ಯವಾಗಿ ಹೊರಡಿ. ಅಷ್ಟರಲ್ಲೇ ಮತ್ತೆ ಮುಚ್ಚಿಕೊಂಡಿದ್ದರೆ ಸೀಟು ಅಥವಾ ವಾಲ್ವ್ ಸೋತಿದೆ ಎಂದರ್ಥ. ಆಗ ಹೊರಡುವ ಮುನ್ನವೇ ಹೆಡ್ ಇಳಿಸಿ ವಾಲ್ವ್ ಕೆಲಸ ಮಾಡಿಸಿ. ಎರಡು ತಿಂಗಳಿನಲ್ಲಿ ಅದಕ್ಕೂ ಸಮಯ ಸಿಗುತ್ತದೆ.